ಬೆಕ್ಕಿಗೆ ಲಂಘನ ಔಷಧವಲ್ಲ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಊಟ ಸೇರದಿದ್ದರೆ ಹಿರಿಯರ ಬಾಯಲ್ಲಿ ಬರುವ ಮಾತು ‘ಲಂಘನಂ ಪರಮೌಷಧಂ’. ಒಂದೆರಡು ದಿನ ಹೊಟ್ಟೆ ಖಾಲಿ ಇರಲಿ, ತಾನೇ ಸರಿಹೋಗುತ್ತದೆ ಎಂಬ ನಂಬಿಕೆ. ಮನುಷ್ಯರಿಗೆ, ಒಂದು ಮಟ್ಟಿಗೆ ನಾಯಿಗೂ ಈ ಮಾತು ನಡೆಯುತ್ತದೆ. ಬೆಕ್ಕಿಗೆ ನಡೆಯುವುದಿಲ್ಲ. ಕಾಯಿಲೆ ಯಾವುದೇ ಇರಲಿ, ಅದರ ಮೇಲೆ ಉಪವಾಸವೇ ಎರಡನೆಯ ಕಾಯಿಲೆಯಾಗಿ ಕೂರುತ್ತದೆ. ಎಷ್ಟೋ ಸಲ ಮೊದಲನೆಯದಕ್ಕಿಂತ ಈ ಎರಡನೆಯದೇ ಬೇಗ ಕೊಲ್ಲುತ್ತದೆ.

ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಯಲ್ಲಿ ಚಿಕಿತ್ಸೆ ತಡವಾಗುವುದಕ್ಕೆ ಈ ನಂಬಿಕೆಯ ಜೊತೆಗೆ ಇನ್ನೊಂದು ಕಾರಣವೂ ಉಂಟು. ಇಲ್ಲಿ ಬೆಕ್ಕು ಅರ್ಧ ಮನೆಯದು, ಅರ್ಧ ಬೀದಿಯದು. ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ತಿಂದು, ಕಾಂಪೌಂಡ್ ಹಾರಿ, ಖಾಲಿ ಸೈಟಿನ ಪೊದೆಯಲ್ಲಿ ಇಲಿಗೆ ಹೊಂಚು ಹಾಕಿ, ಮಧ್ಯಾಹ್ನ ಹಿಂದಿನ ಬೀದಿಯ ಅಜ್ಜಿಯ ಮನೆಯಲ್ಲಿ ಇನ್ನೊಂದು ಹೆಸರಿನಲ್ಲಿ ಊಟ ಮುಗಿಸಿ ಬರುವ ಪ್ರಾಣಿ ಅದು. ಹಾಗಾಗಿ ತಟ್ಟೆ ಹಾಗೇ ಉಳಿದಾಗ ‘ಎಲ್ಲೋ ತಿಂದು ಬಂದಿರಬೇಕು’ ಎಂದುಕೊಳ್ಳುತ್ತೇವೆ. ಮೂರನೆಯ ದಿನ ಅದು ದಿವಾನದ ಕೆಳಗಿನಿಂದ ಏಳದೇ ಹೋದಾಗ ಮಾತ್ರ ಗಾಬರಿ. ಅನುಮಾನ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸರಳ: ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ. ಆಗ ಅದು ತಿಂದದ್ದೆಷ್ಟು, ಕುಡಿದದ್ದೆಷ್ಟು, ಮೂತ್ರ ಹೋಯಿತೇ ಎಂಬ ಮೂರು ಪ್ರಶ್ನೆಗೂ ಊಹೆಯ ಬದಲು ಉತ್ತರ ಸಿಗುತ್ತದೆ.

ಒಳಗೆ ಏನಾಗುತ್ತದೆ?

ಬೆಕ್ಕು ಅಪ್ಪಟ ಮಾಂಸಾಹಾರಿ. ಊಟ ಕಡಿಮೆಯಾದಾಗ ನಮ್ಮ ದೇಹ ಪ್ರೋಟೀನಿನ ಖರ್ಚನ್ನು ತಗ್ಗಿಸಿಕೊಂಡು ದಿನ ದೂಡುತ್ತದೆ. ಬೆಕ್ಕಿನ ಲಿವರ್‌ಗೆ ಆ ಹೊಂದಾಣಿಕೆ ಅಷ್ಟಾಗಿ ಬರುವುದಿಲ್ಲ. ಊಟ ಇರಲಿ ಬಿಡಲಿ, ಅದು ಪ್ರೋಟೀನನ್ನು ಸುಡುತ್ತಲೇ ಇರುತ್ತದೆ. ಹೊಟ್ಟೆಗೆ ಬೀಳದಿದ್ದರೆ ಮೈಯ ಸ್ನಾಯುಗಳೇ ಕರಗುತ್ತವೆ. ಜೊತೆಗೆ ಮೈಯಲ್ಲಿ ಕೂಡಿಟ್ಟ ಕೊಬ್ಬು ರಕ್ತಕ್ಕಿಳಿದು ಲಿವರ್‌ ಕಡೆ ಹರಿಯುತ್ತದೆ. ಆ ಕೊಬ್ಬನ್ನು ಸಂಸ್ಕರಿಸಿ ಹೊರಗೆ ಕಳಿಸಲು ಮತ್ತೆ ಪ್ರೋಟೀನೇ ಬೇಕು, ಅದೋ ಸಿಗುತ್ತಿಲ್ಲ. ದಸರಾ ರಜೆಯಲ್ಲಿ ಲಾರಿಗಟ್ಟಲೆ ಸರಕು ಬಂದಿಳಿದು, ಹೊರಗೆ ಸಾಗಿಸುವ ಆಳುಗಳೇ ಇಲ್ಲದ ಗೋದಾಮಿನ ಪಾಡು ಲಿವರ್‌ನದು. ಕೊಬ್ಬು ತುಂಬಿ ತುಂಬಿ ಅದು ಕೆಲಸ ನಿಲ್ಲಿಸುತ್ತದೆ. ಕಣ್ಣಿನ ಬಿಳಿ, ಒಸಡು, ಕಿವಿಯ ಒಳಭಾಗ ಹಳದಿಗೆ ತಿರುಗುತ್ತವೆ. ವೈದ್ಯರು ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ, ಅಂದರೆ ಲಿವರ್‌ನಲ್ಲಿ ಕೊಬ್ಬು ಕಟ್ಟಿಕೊಳ್ಳುವುದು. ದಷ್ಟಪುಷ್ಟವಾಗಿ ಬೆಳೆದ ಬೆಕ್ಕಿಗೆ ಇದರ ಅಪಾಯ ಹೆಚ್ಚು. ‘ನಮ್ಮದು ಗುಂಡು ಗುಂಡಾಗಿದೆ, ನಾಲ್ಕು ದಿನ ತಿನ್ನದಿದ್ದರೂ ತಡೆಯುತ್ತೆ’ ಎನ್ನುವವರ ಲೆಕ್ಕ ಇಲ್ಲಿ ಪೂರಾ ತಲೆಕೆಳಗು. ಲಿವರ್ ಕೆಟ್ಟಮೇಲೆ ವಾಕರಿಕೆ ಹೆಚ್ಚುತ್ತದೆ, ವಾಕರಿಕೆಯಿಂದ ಊಟ ಇನ್ನಷ್ಟು ದೂರವಾಗುತ್ತದೆ. ಈ ಸುಳಿಯಿಂದ ಬೆಕ್ಕು ತಾನಾಗಿ ಹೊರಬರುವುದು ಅಪರೂಪ.

ಎರಡನೆಯ ಸಂಗತಿ ಮೂಗಿನದು. ಬೆಕ್ಕಿಗೆ ಊಟದ ಆಸೆ ಹುಟ್ಟುವುದು ನಾಲಿಗೆಯಿಂದ ಅಷ್ಟಾಗಿ ಅಲ್ಲ, ವಾಸನೆಯಿಂದ. ಅದಕ್ಕೆ ಸಿಹಿ ರುಚಿಯಂತೂ ಗೊತ್ತೇ ಆಗುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನು ಬೆಕ್ಕಿನ ಜಾತಿಯಲ್ಲಿ ನಿಷ್ಕ್ರಿಯವಾಗಿದೆ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹಾಲಿಗೆ ಸಕ್ಕರೆ ಬೆರೆಸಿ ಆಸೆ ಹುಟ್ಟಿಸುವ ಪ್ರಯತ್ನ ಹಾಗಾಗಿ ದಂಡ. ನೆಗಡಿಯಿಂದ ಮೂಗು ಕಟ್ಟಿದ ಬೆಕ್ಕಿನ ಮುಂದೆ ಮೀನೇ ಇಟ್ಟರೂ ಅದು ಮರದ ಚೂರನ್ನು ನೋಡಿದ ಹಾಗೆ ನೋಡುತ್ತದೆ.

ಮೂರನೆಯದು ನೆನಪು. ವಾಕರಿಕೆ ಇದ್ದಾಗ ಬಲವಂತವಾಗಿ ತಿನ್ನಿಸಿದ ಆಹಾರವನ್ನು ಬೆಕ್ಕು ತನ್ನ ಸಂಕಟಕ್ಕೆ ತಳುಕು ಹಾಕಿಕೊಳ್ಳುತ್ತದೆ. ಕಾಯಿಲೆ ವಾಸಿಯಾದರೂ ಆ ಆಹಾರವನ್ನು ಮತ್ತೆ ಮೂಸುವುದಿಲ್ಲ. ಈ ಲೇಖನದ ಅರ್ಧ ಎಚ್ಚರಿಕೆಗಳು ಇದೊಂದರ ಸುತ್ತಲೇ ಇವೆ.

ಎಷ್ಟು ಹೊತ್ತು ಕಾಯಬಹುದು?

ಬೆಳೆದ ಬೆಕ್ಕು ಪೂರ್ತಿ 24 ಗಂಟೆ ಏನೂ ತಿನ್ನಲಿಲ್ಲವೆಂದರೆ ಪಶುವೈದ್ಯರಿಗೆ ಫೋನ್ ಮಾಡಿ. ಎರಡು ದಿನದಿಂದ ಅರ್ಧಂಬರ್ಧ ತಿನ್ನುತ್ತಿದ್ದರೂ ತೋರಿಸಲೇಬೇಕು. ಮೂರು ತಿಂಗಳೊಳಗಿನ ಮರಿಯಾದರೆ ಅರ್ಧ ದಿನವೂ ಕಾಯಬೇಡಿ. ಅದರ ರಕ್ತದಲ್ಲಿ ಸಕ್ಕರೆ ಬೇಗ ಇಳಿದುಹೋಗುತ್ತದೆ.

ಇನ್ನು ಕೆಲವು ಲಕ್ಷಣ ಕಂಡರೆ ಗಂಟೆ ಎಣಿಸದೆ ಹೊರಡಿ:

1. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕುತ್ತಿದೆ, ಹನಿಯೂ ಬರುತ್ತಿಲ್ಲ. ಮೂತ್ರನಾಳ ಕಟ್ಟಿಕೊಂಡಿರುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬಹಳ ಜನ ಇದನ್ನು ಮಲಬದ್ಧತೆ ಎಂದು ತಿಳಿದು ಕಾಲ ಕಳೆಯುತ್ತಾರೆ.
2. ಬಾಯಿ ತೆರೆದು ಉಸಿರಾಡುತ್ತಿದೆ, ಹೊಟ್ಟೆ ಎತ್ತಿ ಎತ್ತಿ ಉಸಿರೆಳೆಯುತ್ತಿದೆ.
3. ಕಣ್ಣು, ಒಸಡು, ಕಿವಿ ಹಳದಿಯಾಗಿವೆ.
4. ಪದೇಪದೇ ವಾಂತಿ, ಅಥವಾ ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕೂತಿದೆ, ಕುಡಿಯುತ್ತಿಲ್ಲ.
5. ನಾಲಿಗೆಯ ಬುಡದಲ್ಲಿ ಅಥವಾ ಗುದದ್ವಾರದಲ್ಲಿ ದಾರ ಕಾಣುತ್ತಿದೆ. ಹೂಮಾಲೆಯ ದಾರ, ಹೊಲಿಗೆ ನೂಲು, ಗಾಳಿಪಟದ ದಾರ ನುಂಗುವುದು ಬೆಕ್ಕಿಗೆ ಮಾಮೂಲು. ದಾರವನ್ನು ಖಂಡಿತ ಎಳೆಯಬೇಡಿ. ಒಳಗೆ ಕರುಳು ಸೀಳಿಹೋಗುತ್ತದೆ.
6. ಕತ್ತು ಎತ್ತಲಾಗದೆ ಗದ್ದ ಎದೆಗಂಟಿದೆ. ಪೊಟ್ಯಾಸಿಯಂ ತೀರಾ ಇಳಿದಿರಬಹುದು.
7. ಖಾಲಿ ಸೈಟಿನಲ್ಲೋ ಅಕ್ಕಪಕ್ಕದಲ್ಲೋ ಇಲಿ ಪಾಷಾಣ ಇಟ್ಟಿದ್ದರು ಎಂಬುದು ಗೊತ್ತಿದೆ. ಪಾಷಾಣದ ಪೊಟ್ಟಣ ಸಿಕ್ಕರೆ ಅದನ್ನೂ ಒಯ್ಯಿರಿ.

ಇನ್ನೊಂದು ಮಾತು ಬೆಕ್ಕಿನ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ. ಲಸಿಕೆ ಆಗದ ಬೆಕ್ಕು ಇದ್ದಕ್ಕಿದ್ದಂತೆ ಊಟ ಬಿಟ್ಟು, ಜೊಲ್ಲು ಸುರಿಸುತ್ತ, ಸ್ವಭಾವ ಬದಲಾಗಿ ಕಚ್ಚಲು ಬರುತ್ತಿದ್ದರೆ ರೇಬಿಸ್ ಇರಬಹುದೆಂದೇ ನಡೆದುಕೊಳ್ಳಿ. ಬಾಯಿಗೆ ಕೈ ಹಾಕಬೇಡಿ. ಕಚ್ಚಿದ್ದರೆ, ಪರಚಿದ್ದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ

ದಟ್ಟಗಳ್ಳಿಯವರಿಗೆ ಕುವೆಂಪುನಗರ, ರಾಮಕೃಷ್ಣನಗರದ ಕಡೆಯ ಖಾಸಗಿ ಕ್ಲಿನಿಕ್‌ಗಳು ಹತ್ತಿರ. ಸರ್ಕಾರಿ ಪಶು ಆಸ್ಪತ್ರೆ ಧನ್ವಂತ್ರಿ ರಸ್ತೆಯಲ್ಲಿದೆ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ ನಿಜ, ಆದರೆ ಅದು ಮುಖ್ಯವಾಗಿ ದನ, ಕುರಿ, ಮೇಕೆಗಳಿಗಾಗಿ ಹುಟ್ಟಿದ್ದು. ಅದರ ಗಾಡಿಗೆ ಕಾಯುತ್ತ ಕೂರುವುದಕ್ಕಿಂತ ಆಟೋ ಹತ್ತುವುದು ಮೇಲು. ಹೊರಡುವ ಮುನ್ನ ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಬೆಕ್ಕಿಗೆ ರಕ್ತಪರೀಕ್ಷೆ ಮಾಡುತ್ತೀರಾ? ಡ್ರಿಪ್ ಹಾಕಿ ನೋಡಿಕೊಳ್ಳುತ್ತೀರಾ? ಬೇಕಾದರೆ ಊಟದ ಟ್ಯೂಬ್ ಹಾಕುವವರಿದ್ದಾರಾ? ಕೊನೆಯ ಪ್ರಶ್ನೆಗೆ ಹತ್ತಿರದಲ್ಲೆಲ್ಲೂ ‘ಹೌದು’ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ದೊಡ್ಡ ಕಡೆಗೆ ಕಳಿಸಿಕೊಡಲು ವೈದ್ಯರನ್ನೇ ಕೇಳಿ.

ಪಂಜರ ಇಲ್ಲದಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಬುಟ್ಟಿಯೂ ಆದೀತು. ಗಾಳಿಯಾಡುವಂತಿರಲಿ, ಮುಚ್ಚಳವನ್ನು ಹಗ್ಗದಿಂದ ಬಿಗಿಯಿರಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ. ರಿಂಗ್ ರೋಡಿನ ಸದ್ದಿಗೆ ಬೆದರಿ ಕೈಯಿಂದ ಜಿಗಿದ ಬೆಕ್ಕು ಮತ್ತೆ ಸಿಗುವುದು ಕಷ್ಟ.

ಕೊನೆಯ ಸಲ ತಿಂದದ್ದು ಯಾವಾಗ, ವಾಂತಿಯ ಬಣ್ಣ ಏನು, ಮೂತ್ರ ಹೇಗೆ, ಮನೆಯಲ್ಲಿ ಕೊಟ್ಟ ಮದ್ದೇನು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವಾಂತಿಯ, ಮಲದ ಫೋಟೋ ಫೋನಿನಲ್ಲಿದ್ದರೆ ಒಳ್ಳೆಯದು. ಅದಕ್ಕಿಂತ ಬೆಲೆಬಾಳುವುದು ಬೆಕ್ಕು ತಟ್ಟೆಯ ಮುಂದೆ ನಡೆದುಕೊಳ್ಳುವ ರೀತಿಯ ಒಂದು ಸಣ್ಣ ವೀಡಿಯೊ. ಹಸಿದು ಓಡಿಬಂದು, ಒಂದು ತುತ್ತು ಬಾಯಿಗಿಟ್ಟ ಕೂಡಲೇ ಕಿರುಚಿ ಹಿಂದೆ ಸರಿದರೆ ನೋವು ಬಾಯಿಯಲ್ಲಿದೆ: ಹಲ್ಲು, ಒಸಡು, ಹುಣ್ಣು. ಮೂಸಿ ನೋಡಿ, ತುಟಿ ಚಪ್ಪರಿಸಿ, ಜೊಲ್ಲು ನುಂಗಿ, ನೆಲ ಕೆರೆದು ಊಟವನ್ನು ಹೂಳುವವರ ಹಾಗೆ ಮಾಡಿ ಹೊರಟುಹೋದರೆ ವಾಕರಿಕೆ. ಹತ್ತಿರವೂ ಸುಳಿಯದೆ ಮೂಲೆಯಲ್ಲಿ ಮುದುಡಿದ್ದರೆ ಜ್ವರವೋ ಮೈಯೊಳಗಿನ ನೋವೋ ಇರಬೇಕು. ಕ್ಲಿನಿಕ್‌ನ ಮೇಜಿನ ಮೇಲೆ ಭಯದಿಂದ ಕಲ್ಲಾಗಿ ಕೂತ ಬೆಕ್ಕು ಇದ್ಯಾವುದನ್ನೂ ವೈದ್ಯರಿಗೆ ತೋರಿಸುವುದಿಲ್ಲ.

ವಾಕರಿಕೆಗೆ ಮಾರೋಪಿಟಂಟ್, ಒಂಡನ್‌ಸೆಟ್ರಾನ್, ಹಸಿವಿಗೆ ಮಿರ್ಟಜಪೀನ್ ಮುಂತಾದ ಮದ್ದುಗಳಿವೆ. ಹೆಸರು ಹೇಳುತ್ತಿರುವುದು ನೀವು ಮೆಡಿಕಲ್ ಸ್ಟೋರಿಗೆ ಹೋಗಲಿ ಎಂದಲ್ಲ. ‘ಬರೀ ಗ್ಲೂಕೋಸ್ ಹಾಕಿ ಕಳಿಸಿ ಸಾಕು’ ಎನ್ನುವ ಬದಲು ‘ವಾಕರಿಕೆಗೆ, ನೋವಿಗೆ ಏನಾದರೂ ಕೊಡಬಹುದಾ ಡಾಕ್ಟ್ರೇ?’ ಎಂದು ಕೇಳಲಿ ಎಂದು. ಡ್ರಿಪ್ಪಿನಿಂದ ನೀರಿನಂಶ, ಲವಣ ಸರಿಹೋಗುತ್ತವೆ. ಅದು ಊಟವಲ್ಲ. ಮೂರು ದಿನ ಡ್ರಿಪ್ ಹಾಕಿಸಿದ ಬೆಕ್ಕು ಮೂರು ದಿನ ಉಪವಾಸವಿದ್ದ ಬೆಕ್ಕೇ.

ಮನೆಯಲ್ಲಿ ಹೀಗೆ ಮಾಡಿ

ಕಾರಣ ತಿಳಿದು ಚಿಕಿತ್ಸೆ ಶುರುವಾದ ಮೇಲಿನ ಮಾತು ಇದು. ಚಿಕಿತ್ಸೆಯ ಬದಲಿಗೆ ಮಾಡುವ ಮನೆಮದ್ದು ಎಂದುಕೊಳ್ಳಬೇಡಿ.

1. ಒಂದೇ ಕೋಣೆ. ಸದ್ದಿಲ್ಲದ, ಗಾಳಿಯಾಡುವ ಕೋಣೆ. ಒಂದು ಮೂಲೆಯಲ್ಲಿ ರಟ್ಟಿನ ಡಬ್ಬ ಮಗ್ಗುಲಾಗಿ ಇಟ್ಟು ಹಳೇ ಸೀರೆ ಹಾಸಿ. ಮರಳಿನ ತಟ್ಟೆ ಇನ್ನೊಂದು ಮೂಲೆಗೆ, ಊಟದಿಂದ ಆದಷ್ಟು ದೂರ. ಊಟದ ಪಕ್ಕದಲ್ಲೇ ಗಲೀಜಿದ್ದರೆ ಆರೋಗ್ಯವಂತ ಬೆಕ್ಕೇ ತಿನ್ನುವುದಿಲ್ಲ. ಮನೆಗೆ ಬಂದವರೆಲ್ಲ ಇಣುಕಿ ‘ಅಯ್ಯೋ ಪಾಪ’ ಎನ್ನುವುದನ್ನು ನಿಲ್ಲಿಸಿ.

2. ಮೂಗು ಬಿಡಿಸಿ. ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಮೂಗಿನ ಸಿಂಬಳ, ಕಣ್ಣಿನ ಗೀಜು ಒರೆಸಿ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಬೆಕ್ಕನ್ನು ಎತ್ತಿಕೊಂಡು ಹತ್ತು ನಿಮಿಷ ಅಲ್ಲಿ ಕೂರಿ. ಬರೀ ಹಬೆ ಸಾಕು. ವಿಕ್ಸ್, ನೀಲಗಿರಿ ಎಣ್ಣೆ, ಕರ್ಪೂರ ಬೇಡವೇ ಬೇಡ. ಇವು ಬೆಕ್ಕಿಗೆ ವಿಷ.

3. ಬೆಚ್ಚಗೆ ಕೊಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಆಹಾರಕ್ಕೆ ವಾಸನೆಯೇ ಇರುವುದಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು 37–38 ಡಿಗ್ರಿಗೆ, ಅಂದರೆ ಹೊಸದಾಗಿ ಹಿಡಿದ ಇಲಿಯ ಮೈಬಿಸಿಗೆ ತನ್ನಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸಬೇಕು.

4. ಚಪ್ಪಟೆ ತಟ್ಟೆ. ಆಳವಾದ ಬಟ್ಟಲಿನಲ್ಲಿ ಮೀಸೆ ತಾಗುವುದು ಕೆಲವು ಬೆಕ್ಕುಗಳಿಗೆ ಆಗದು. ಕಾಫಿ ಸಾಸರ್ ಸರಿಯಾದ ಅಳತೆ. ಒಂದು ಚಮಚ ಮಾತ್ರ ಹಾಕಿ, ತಿನ್ನದಿದ್ದರೆ 15–20 ನಿಮಿಷದಲ್ಲಿ ಎತ್ತಿಬಿಡಿ. ದಿನವಿಡೀ ಮೂಗಿನ ಮುಂದೆ ಊಟ ಕೊಳೆಯುತ್ತಿದ್ದರೆ ಅಸಹ್ಯ ಹೆಚ್ಚುತ್ತದೆ. ಎರಡು ಮೂರು ಗಂಟೆ ಬಿಟ್ಟು ಹೊಸದಾಗಿ ಇಡಿ.

5. ಏನು ಕೊಡಬೇಕು? ಕಾಯಿಲೆಗೆ ಮುಂಚೆ ಇಷ್ಟಪಟ್ಟು ತಿನ್ನುತ್ತಿದ್ದುದೇ ಮೊದಲ ಆಯ್ಕೆ. ಅದು ಬೇಡವೆಂದರೆ ಉಪ್ಪು, ಅರಿಸಿನ, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ನೀರಿನ ಸಮೇತ. ಬೆಕ್ಕಿಗೆ ಬೇಕೇಬೇಕಾದ ಟೌರಿನ್ ಎಂಬ ಅಂಶ ಬೇಯುವಾಗ ನೀರಿಗಿಳಿದಿರುತ್ತದೆ. ಮುಳ್ಳು ತೆಗೆದ ಬೆಂದ ಮೀನು, ಬೇಯಿಸಿದ ಮೊಟ್ಟೆ ಇವೂ ಆಗುತ್ತವೆ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಗ್ರೇವಿ ಪೌಚ್ ಎಲ್ಲಕ್ಕಿಂತ ಸುಲಭ. ಬರೀ ಕೋಳಿ ಸಮತೋಲಿತ ಊಟವಲ್ಲ, ಕೆಲವು ದಿನದ ಮಟ್ಟಿಗೆ ಮಾತ್ರ.

6. ಆಸೆ ಹುಟ್ಟಿಸುವ ಉಪಾಯ. ಮೀನಿನ ಸಾರದ ಒಂದು ಹನಿಯನ್ನು ಮುಂಗಾಲಿಗೆ ಹಚ್ಚಿ. ಶುಚಿ ಮಾಡಿಕೊಳ್ಳುವ ಚಟಕ್ಕೆ ನೆಕ್ಕುತ್ತದೆ, ನೆಕ್ಕಿದ ಮೇಲೆ ಕೆಲವೊಮ್ಮೆ ನೆನಪಾಗುತ್ತದೆ. ಬೆರಳ ತುದಿಯಲ್ಲಿ ಹಿಡಿದು ಕೊಡಿ. ಪಕ್ಕದಲ್ಲಿ ಕೂತು ತಲೆ ಸವರುತ್ತಿದ್ದರೆ ಮಾತ್ರ ತಿನ್ನುವ ಬೆಕ್ಕುಗಳೂ ಇವೆ. ವಾಕರಿಕೆಯ ಲಕ್ಷಣ ಕಂಡಿತೋ, ಎಲ್ಲವನ್ನೂ ನಿಲ್ಲಿಸಿ ತಟ್ಟೆ ಎತ್ತಿಬಿಡಿ.

7. ಬರೆದಿಡಿ. ತಿಂದದ್ದು ಗ್ರಾಂ ಲೆಕ್ಕದಲ್ಲಿ, ಮೂತ್ರ ಎಷ್ಟು ಸಲ, ವಾಂತಿ ಎಷ್ಟು ಸಲ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ. ‘ಸ್ವಲ್ಪ ತಿಂತಿದೆ’ ಎಂಬ ಸಮಾಧಾನ ಎಷ್ಟು ಪೊಳ್ಳು ಎಂಬುದು ತೂಕದಲ್ಲಿ ಬಯಲಾಗುತ್ತದೆ. ಬುಟ್ಟಿ ಸಮೇತ ತೂಗಿ ಬುಟ್ಟಿಯ ತೂಕ ಕಳೆದರಾಯಿತು.

‘ಸ್ವಲ್ಪ’ ಎಂದರೆ ಎಷ್ಟು?

ಸುಮ್ಮನೆ ಮಲಗಿರುವ ಬೆಕ್ಕಿಗೂ ದಿನಕ್ಕೆ ಇಷ್ಟು ಕ್ಯಾಲರಿ ಬೇಕೆಂಬ ಲೆಕ್ಕವಿದೆ. ಕಿಲೋ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 3 ಕಿಲೋ ಬೆಕ್ಕಿಗೆ 160, 4 ಕಿಲೋ ಬೆಕ್ಕಿಗೆ 190. ಬೆಂದ ಚರ್ಮರಹಿತ ಕೋಳಿಯ ಎದೆಭಾಗ 100 ಗ್ರಾಮಿಗೆ ಸುಮಾರು 150 ಕ್ಯಾಲರಿ. ಅಂದರೆ 4 ಕಿಲೋ ಬೆಕ್ಕಿಗೆ ದಿನಕ್ಕೆ 125 ಗ್ರಾಮಿನಷ್ಟು. ಒಂದು ಬೇಯಿಸಿದ ಮೊಟ್ಟೆ ಸುಮಾರು 70. ಪೌಚ್‌ನ ಲೆಕ್ಕ ಅದರ ಮೇಲೆಯೇ ಬರೆದಿರುತ್ತದೆ. ಎರಡು ಬಾರಿ ಗ್ರೇವಿ ನೆಕ್ಕಿತು ಎಂದರೆ ಹತ್ತು ಕ್ಯಾಲರಿಯೂ ಹೋಗಿರಲಿಕ್ಕಿಲ್ಲ.

ಆದರೆ ಮೂರು ದಿನಕ್ಕೂ ಹೆಚ್ಚು ಉಪವಾಸವಿದ್ದ ಬೆಕ್ಕಿಗೆ ಮೊದಲ ದಿನವೇ ಈ ಪೂರ್ತಿ ಪ್ರಮಾಣ ಕೊಡಬಾರದು. ಬರಿದಾದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಓಡಿ ರಕ್ತದಲ್ಲಿ ಕುಸಿಯುತ್ತವೆ. ತಿನ್ನತೊಡಗಿದ ಮೇಲೆ ಬೆಕ್ಕು ಸತ್ತಿತು ಎಂಬ ವಿಚಿತ್ರ ದುಃಖಕ್ಕೆ ಇದೂ ಒಂದು ಕಾರಣ. ಮೊದಲ ದಿನ ಕಾಲು ಭಾಗದಿಂದ ಮೂರನೇ ಒಂದು ಭಾಗ, 4 ಕಿಲೋ ಬೆಕ್ಕಿಗೆ 50–60 ಕ್ಯಾಲರಿ, ಐದಾರು ಸಲವಾಗಿ. ನಂತರ ಮೂರು ನಾಲ್ಕು ದಿನದಲ್ಲಿ, ತೀರಾ ಬಳಲಿದ್ದರೆ ಒಂದು ವಾರದಲ್ಲಿ, ಪೂರ್ತಿಗೆ ಏರಿಸಿ. ಈ ಏರಿಕೆಯ ವೇಗವನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಿದರೆ ಚೆನ್ನ.

ಸಿರಿಂಜು: ಎಚ್ಚರ

ಸೂಜಿ ತೆಗೆದ ಸಿರಿಂಜಿನಿಂದ ತಿನ್ನಿಸುವುದನ್ನು ಮನೆಮನೆಯಲ್ಲೂ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಂದಿದೆ. ಬೆಕ್ಕು ತಾನಾಗಿ ನೆಕ್ಕಿ ನುಂಗುವಂತಿದ್ದರೆ ಒಂದೆರಡು ದಿನಕ್ಕೆ ಸರಿ. ಟವಲ್ಲಿನಲ್ಲಿ ಸುತ್ತಿ, ಇಬ್ಬರು ಹಿಡಿದು, ಬಾಯಿ ಬಿಡಿಸಿ ಸುರಿಯುವ ಹಂತಕ್ಕೆ ಬಂದರೆ ಅದು ಆರೈಕೆಯಲ್ಲ, ಕಾಳಗ. ಅರ್ಧ ಹೊರಗೆ ಚೆಲ್ಲುತ್ತದೆ, ಕಾಲು ಭಾಗ ಹೊಟ್ಟೆ ಸೇರುತ್ತದೆ, ಉಳಿದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ. ಸಾಲದ್ದಕ್ಕೆ ಬೆಕ್ಕು ನಿಮ್ಮ ಹೆಜ್ಜೆ ಸದ್ದಿಗೇ ಅಡಗಿಕೊಳ್ಳತೊಡಗುತ್ತದೆ.

ವೈದ್ಯರು ಮಾಡಿ ಎಂದರೆ ಹೀಗೆ: ಬೆಕ್ಕು ಎದೆ ಊರಿ ನೆಟ್ಟಗೆ ಕೂತಿರಲಿ, ತಲೆಯನ್ನು ಮೇಲಕ್ಕೆ ಎತ್ತಬೇಡಿ. ಕೆನ್ನೆಯ ಬದಿಯಿಂದ, ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ಅರ್ಧದಿಂದ ಒಂದು ಎಂ.ಎಲ್. ಬಿಡಿ. ನುಂಗಿದ್ದು ಕಂಡ ಮೇಲೆ ಮುಂದಿನದು. ಕೆಮ್ಮಿದರೆ, ಉಸಿರು ಗೊರಗುಟ್ಟಿದರೆ, ಜೊಲ್ಲು ಇಳಿದರೆ ಅಲ್ಲಿಗೇ ನಿಲ್ಲಿಸಿ. ಪ್ರಜ್ಞೆ ಮಂಕಾಗಿರುವ, ವಾಂತಿ ಮಾಡುತ್ತಿರುವ ಬೆಕ್ಕಿಗೆ ಸಿರಿಂಜಿನಿಂದ ನೀರನ್ನೂ ಹಾಕಬೇಡಿ.

ಟ್ಯೂಬ್ ಎಂದರೆ ಹೆದರಬೇಡಿ

‘ಟ್ಯೂಬ್ ಹಾಕಬೇಕು’ ಎಂದು ವೈದ್ಯರು ಹೇಳಿದಾಗ ಬಹುತೇಕರು ‘ಅಷ್ಟು ಹಿಂಸೆ ಯಾಕೆ’ ಎಂದು ಮನೆಗೆ ವಾಪಸಾಗುತ್ತಾರೆ. ನಿಜಕ್ಕೂ ಸಿರಿಂಜು, ಟ್ಯೂಬ್ ಎರಡರಲ್ಲಿ ಹಿಂಸೆ ಕಡಿಮೆ ಇರುವುದು ಟ್ಯೂಬಿನಲ್ಲೇ. ಮೂಗಿನಿಂದ ಅನ್ನನಾಳಕ್ಕೆ ಇಳಿಸುವ ಸಣ್ಣ ಟ್ಯೂಬಿಗೆ ಪೂರ್ಣ ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕೆಲವು ದಿನದ ಮಟ್ಟಿಗೆ, ತೆಳು ದ್ರವಾಹಾರಕ್ಕೆ ಮಾತ್ರ. ಕುತ್ತಿಗೆಯ ಬದಿಯಿಂದ ಹಾಕುವ ಟ್ಯೂಬಿಗೆ ಅರಿವಳಿಕೆ ಬೇಕು, ಆದರೆ ವಾರಗಟ್ಟಲೆ ಇಟ್ಟುಕೊಳ್ಳಬಹುದು, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಜರಡಿ ಹಿಡಿದ ಆಹಾರ ಅದರಲ್ಲಿ ಇಳಿಯುತ್ತದೆ. ಕುತ್ತಿಗೆಗೆ ಬ್ಯಾಂಡೇಜು ಕಟ್ಟಿಕೊಂಡು ಬೆಕ್ಕು ಓಡಾಡುತ್ತದೆ, ನಿದ್ದೆ ಮಾಡುತ್ತದೆ, ಮನಸ್ಸಾದಾಗ ಬಾಯಿಂದಲೂ ತಿನ್ನುತ್ತದೆ. ಮಾತ್ರೆಯನ್ನೂ ಕರಗಿಸಿ ಅದರಲ್ಲೇ ಹಾಕಬಹುದು. ಲಿವರ್‌ನಲ್ಲಿ ಕೊಬ್ಬು ಕಟ್ಟಿದ ಬೆಕ್ಕುಗಳನ್ನು ಉಳಿಸಿದ್ದೇ ಈ ಟ್ಯೂಬ್. ಬೇಗ ಹಾಕಿ ವಾರಗಟ್ಟಲೆ ಬಿಡದೆ ಊಟ ಕೊಟ್ಟರೆ ಬಹುಪಾಲು ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ.

ಮನೆಯಲ್ಲಿ ನೆನಪಿಡಬೇಕಾದ್ದು: ಪ್ರತಿ ಸಲ ಮೊದಲಿಗೆ 5 ಎಂ.ಎಲ್. ಬೆಚ್ಚಗಿನ ನೀರು ಬಿಟ್ಟು ನೋಡಿ. ಕೆಮ್ಮಿದರೆ ಊಟ ಹಾಕದೆ ವೈದ್ಯರಿಗೆ ತಿಳಿಸಿ. ಬೆಚ್ಚಗಿನ ಆಹಾರವನ್ನು 15–20 ನಿಮಿಷ ತೆಗೆದುಕೊಂಡು ನಿಧಾನಕ್ಕೆ ಬಿಡಿ. ಕೊನೆಗೆ ಮತ್ತೆ ನೀರು ಹಾಯಿಸಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ರುಬ್ಬಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಟ್ಯೂಬ್ ಚರ್ಮ ಸೇರುವ ಜಾಗ ಕೆಂಪಾದರೆ, ಕೀವು ಬಂದರೆ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜ್ವರದ ಮಾತ್ರೆ ಕೊಡುವುದು. ಡೋಲೋ, ಕ್ರೋಸಿನ್ ಎಲ್ಲದರಲ್ಲೂ ಇರುವುದು ಪ್ಯಾರಾಸಿಟಮಾಲ್. ಬೆಕ್ಕಿನ ಲಿವರ್‌ಗೆ ಅದನ್ನು ನಿವಾರಿಸುವ ದಾರಿಯೇ ಇಲ್ಲದಂತಾಗಿದೆ. ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ. ಒಂದೇ ಮಾತ್ರೆ ಸಾಕು ಸಾಯಿಸಲು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಬೇಡ. ಗೊತ್ತಿಲ್ಲದೆ ಕೊಟ್ಟಾಗಿದ್ದರೆ ಸಂಕೋಚ ಪಡದೆ ವೈದ್ಯರಿಗೆ ಹೇಳಿ. ಬೇಗ ಗೊತ್ತಾದರೆ ಪ್ರತಿವಿಷ ಉಂಟು.

ಮನೆಯ ಸಾರಿನ ಕೋಳಿ ತೊಳೆದು ಹಾಕುವುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತೊಳೆದರೆ ಮಸಾಲೆ ಹೋಗುತ್ತದೆ, ರಸ ಹೋಗುವುದಿಲ್ಲ.

ಹಾಲು, ಮೊಸರನ್ನವನ್ನೇ ನೆಚ್ಚಿಕೊಳ್ಳುವುದು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗಿ ಮೈನೀರು ಇನ್ನಷ್ಟು ಹೋಗುತ್ತದೆ. ಇಲ್ಲಿ ಸಸ್ಯಾಹಾರಿ ಮನೆಗಳವರಿಗೆ ಒಂದು ಮಾತು. ಬೆಕ್ಕು ನಿಮ್ಮ ಮನೆಯದಾದರೂ ಅದರ ಹೊಟ್ಟೆ ನಿಮ್ಮದಲ್ಲ. ಟೌರಿನ್ ಇಲ್ಲದ ಊಟದಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ, ಕಣ್ಣು ಕುರುಡಾಗುತ್ತದೆ ಎಂಬುದು 1980ರ ದಶಕಕ್ಕೇ ಖಚಿತವಾದ ವಿಷಯ. ಮನೆಯಲ್ಲಿ ಮಾಂಸ ಬೇಯಿಸಲು ಒಪ್ಪಿಗೆ ಇಲ್ಲದಿದ್ದರೆ ಪೌಚ್ ಇದೆ. ಅದಕ್ಕೊಂದು ಚಮಚ, ಒಂದು ಸಾಸರ್ ಬೇರೆ ಇಟ್ಟು, ತೊಳೆಯುವುದನ್ನು ಹೊರಗಿನ ನಲ್ಲಿಯಲ್ಲಿ ಮಾಡಿದರಾಯಿತು. ಮಡಿಯೂ ಉಳಿಯುತ್ತದೆ, ಬೆಕ್ಕೂ ಉಳಿಯುತ್ತದೆ.

ಮಾತ್ರೆಯನ್ನು ಊಟದಲ್ಲಿ ಬಚ್ಚಿಡುವುದು. ಕಹಿ ತಾಗಿದ ಮರುಕ್ಷಣ ಆ ಊಟವನ್ನೂ ಕಳೆದುಕೊಳ್ಳುತ್ತೀರಿ. ಮದ್ದು ಬೇರೆ ಹೊತ್ತಿಗೆ, ಬೇರೆ ಜಾಗದಲ್ಲಿ ಕೊಡಿ.

ಕಾಯಿಲೆಯ ನಡುವೆ ಪಥ್ಯದ ಆಹಾರ ಶುರುಮಾಡುವುದು. ವಯಸ್ಸಾದ ಬೆಕ್ಕಿಗೆ ಕಿಡ್ನಿ ತೊಂದರೆ ಎಂದು ಗೊತ್ತಾದ ದಿನವೇ ದುಬಾರಿ ಕಿಡ್ನಿ ಡಯಟ್ ತಂದು ಅದನ್ನೇ ತಿನ್ನಲಿ ಎಂದು ಹಟ ಹಿಡಿಯುವವರಿದ್ದಾರೆ. ಈ ಹಂತದಲ್ಲಿ ಏನನ್ನಾದರೂ ತಿನ್ನುವುದು ಮುಖ್ಯ. ವಾಕರಿಕೆ ಹೋಗಿ ಹಸಿವು ಮರಳಿದ ಮೇಲೆ ನಿಧಾನಕ್ಕೆ ಬೆರೆಸುತ್ತ ಬದಲಿಸಿ.

ಫಿನಾಯಿಲ್. ಕಾಯಿಲೆಯ ಬೆಕ್ಕಿದೆಯೆಂದು ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುವ ಮನೆಗಳೇ ಹೆಚ್ಚು. ಅದು ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ಫೀನಾಲ್ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ. ಸೋಪು ನೀರು ಸಾಕು.

ವಾಸಿಯಾಗದ ಕಾಯಿಲೆಯಲ್ಲಿ

ಎಲ್ಲ ಬೆಕ್ಕೂ ತಟ್ಟೆಗೆ ಮರಳುವುದಿಲ್ಲ. ಕೊನೆಯ ಹಂತದ ಕಿಡ್ನಿ ವೈಫಲ್ಯ, ಹರಡಿದ ಕ್ಯಾನ್ಸರ್ ಇದ್ದಾಗ ಊಟ ಬಿಡುವುದು ಸಾವಿನ ಒಂದು ಭಾಗ. ಅಲ್ಲಿ ಟ್ಯೂಬಿನಿಂದ ದಿನ ಕೂಡಬಹುದು, ಬದುಕು ಕೂಡಲಾರದು. ವೈದ್ಯರನ್ನು ನೇರವಾಗಿ ಕೇಳಿ: ‘ಈ ಕಾಯಿಲೆ ವಾಸಿಯಾಗುವಂಥದೇ?’ ಹೌದಾದರೆ ಹಟ ಹಿಡಿದು ಊಟ ಕೊಡಿ. ಇಲ್ಲವಾದರೆ ನೋವಿಗೆ, ವಾಕರಿಕೆಗೆ ಮದ್ದು, ಮೆತ್ತನೆ ಹಾಸು, ಇಷ್ಟದ್ದು ನೆಕ್ಕಿದಷ್ಟು. ಮೈ ಶುಚಿ ಮಾಡಿಕೊಳ್ಳುವುದನ್ನು ಬಿಟ್ಟು, ಗಲೀಜಿನಲ್ಲೇ ಮಲಗಿ, ಮುಟ್ಟಿದರೂ ಸ್ಪಂದಿಸದ ದಿನಗಳೇ ಹೆಚ್ಚಾದಾಗ ದಯಾಮರಣದ ಮಾತನ್ನು ನೀವೇ ಎತ್ತಬಹುದು. ಅನೇಕ ವೈದ್ಯರು ಮನೆಯವರು ಕೇಳಲಿ ಎಂದು ಕಾಯುತ್ತಿರುತ್ತಾರೆ. ಸರಿಯಾಗಿ ಅರಿವಳಿಕೆ ಕೊಟ್ಟು ಮಾಡಿದರೆ ಅದರಲ್ಲಿ ನೋವಿಲ್ಲ.

ಸೋಂಕಿನಿಂದ ಬಂದದ್ದಾದರೆ

ಮರಿಗಳು ದಿಢೀರನೆ ಊಟ ಬಿಟ್ಟು, ವಾಂತಿ ಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಯುವುದಕ್ಕೆ ಬಹಳ ಸಲ ಕಾರಣ ಪ್ಯಾನ್‌ಲ್ಯುಕೋಪೀನಿಯಾ ವೈರಸ್. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಇದು ಹರಡಿ ಸುದ್ದಿಯಾಗಿತ್ತು. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ನೆಲ, ಹಾಸು, ಬುಟ್ಟಿಯಲ್ಲಿ ಒಂದು ವರ್ಷದವರೆಗೂ ಜೀವಂತ ಇರಬಲ್ಲದು, ನಿಮ್ಮ ಚಪ್ಪಲಿಯಲ್ಲಿ ಪಕ್ಕದ ಬೀದಿಗೂ ಹೋಗಬಲ್ಲದು. ಮಾಮೂಲಿ ಫಿನಾಯಿಲ್, ಡೆಟಾಲ್‌ಗೆ ಜಗ್ಗುವುದಿಲ್ಲ. ಮೊದಲು ಸೋಪಿನಿಂದ ಚೆನ್ನಾಗಿ ತೊಳೆದು, ನಂತರ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಬಿಟ್ಟು, ಮತ್ತೆ ಬರೀ ನೀರಿನಿಂದ ತೊಳೆದು ಒಣಗಿಸಿ. ಈ ಕೆಲಸ ಮಾಡುವಾಗ ಬೆಕ್ಕು ಬೇರೆ ಕೋಣೆಯಲ್ಲಿರಲಿ. ಹಾಸಿಗೆ, ರಟ್ಟಿನ ಡಬ್ಬಗಳನ್ನು ಕಟ್ಟಿ ಬಿಸಾಡುವುದೇ ವಾಸಿ.

ಅದೇ ಮನೆಗೆ ಹೊಸ ಮರಿ ತರುವುದಾದರೆ, 6ರಿಂದ 8 ವಾರದ ವಯಸ್ಸಿನಲ್ಲಿ ಶುರುವಾಗಿ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುವ ಲಸಿಕೆಯ ಸರಣಿ ಮುಗಿದ ಮೇಲೆಯೇ ತನ್ನಿ. ಬೀದಿಯ ಬೆಕ್ಕುಗಳಿಗೆ ನೀವು ಊಟ ಹಾಕುವವರಾದರೆ ಅವುಗಳ ತಟ್ಟೆ, ಮನೆಯ ಬೆಕ್ಕಿನ ತಟ್ಟೆ ಬೇರೆ ಬೇರೆ ಇರಲಿ. ಕಾಯಿಲೆಯ ಬೆಕ್ಕನ್ನು ಮುಟ್ಟುವ ಸರದಿ ಯಾವಾಗಲೂ ಕೊನೆಗೆ ಬರಲಿ.